ಹಾರ್ಮೋನ್ ಮಾತ್ರೆ: ಹೆದರಿಕೆಯೂ ಬೇಡ, ಉಡಾಫೆಯೂ ಬೇಡ

ಮುಟ್ಟು ನಿಲ್ಲುವ ವಯಸ್ಸು. ನಡುರಾತ್ರಿ ಮೈಯೆಲ್ಲ ಕಾದು, ಬೆವರಿ ಎಚ್ಚರವಾಗುತ್ತದೆ. ನಿದ್ದೆಯಿಲ್ಲ, ಸುಮ್ಮಸುಮ್ಮನೆ ಸಿಟ್ಟು. ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಡುತ್ತಾರೆ. ಸಂಜೆ ರವೀಂದ್ರನಗರದಲ್ಲಿ ವಾಕಿಂಗ್ ಹೋಗುವಾಗ ಗೆಳತಿ, 'ಅಯ್ಯೋ, ತಗೋಬೇಡ ಮಾರಾಯ್ತಿ, ಎದೆ ಕ್ಯಾನ್ಸರ್ ಬರುತ್ತಂತೆ' ಅನ್ನುತ್ತಾಳೆ. ಚೀಟಿ ಪರ್ಸಿನಲ್ಲೇ ಉಳಿಯುತ್ತದೆ. ಆ ಮಾತಿನಲ್ಲಿ ನಿಜ ಎಷ್ಟು? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹೆದರಿಕೆ ಜೋರಾದದ್ದು 2002ರಲ್ಲಿ. ಅಮೆರಿಕದಲ್ಲಿ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಅಧ್ಯಯನ ನಡೆಯುತ್ತಿತ್ತು. ಅದರಲ್ಲಿ 16,608 ಮಹಿಳೆಯರಿದ್ದ ಭಾಗವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇದ್ದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಕಂಡಿತ್ತು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅಲ್ಲವೇ? ಅದನ್ನೇ ತಲೆಲೆಕ್ಕದಲ್ಲಿ ನೋಡಿ. ವರ್ಷಕ್ಕೆ 10,000 ಮಹಿಳೆಯರಲ್ಲಿ, ಮಾತ್ರೆ ಇಲ್ಲದೆ 30 ಮಂದಿಗೆ, ಮಾತ್ರೆ ತೆಗೆದುಕೊಂಡರೆ 38 ಮಂದಿಗೆ. ಹೆಚ್ಚಾದದ್ದು 8. ಅವರ ಸರಾಸರಿ ವಯಸ್ಸೂ 63.

ಗರ್ಭಕೋಶ ತೆಗೆಸಿದವರ ಕಥೆಯೇ ಬೇರೆ. ಅದೇ ಅಧ್ಯಯನದಲ್ಲಿ ಅವರಿಗೆ ಬರೀ ಈಸ್ಟ್ರೋಜನ್ ಕೊಟ್ಟಿದ್ದರು. 2020ರ ವರದಿಯ ಪ್ರಕಾರ ಅವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಆಗಿತ್ತು.

ಹಾಗಂತ ಉಡಾಫೆ ಸಲ್ಲದು. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 58 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. 50ನೇ ವಯಸ್ಸಿನಿಂದ 5 ವರ್ಷ ದಿನವೂ ಎರಡು ಹಾರ್ಮೋನ್ ತೆಗೆದುಕೊಂಡರೆ, 20 ವರ್ಷದೊಳಗೆ ಸುಮಾರು 50 ಮಂದಿಗೆ ಒಬ್ಬರಂತೆ ಹೆಚ್ಚುವರಿ ಸ್ತನ ಕ್ಯಾನ್ಸರ್. ಈಸ್ಟ್ರೋಜನ್ ಮಾತ್ರವಾದರೆ 200ಕ್ಕೆ ಒಬ್ಬರು. ಈಸ್ಟ್ರೋಜನ್ ವಿಷಯದಲ್ಲಿ ಎರಡು ವರದಿಗಳ ಮಾತು ಬೇರೆ ಬೇರೆ. ಆದರೆ ಎರಡು ಹಾರ್ಮೋನ್ ಸೇರಿದರೆ ಅಪಾಯ ಹೆಚ್ಚು ಎಂಬಲ್ಲಿ ಎರಡೂ ಒಪ್ಪುತ್ತವೆ. ಗರ್ಭಕೋಶ ಇರುವವರು ಪ್ರೊಜೆಸ್ಟಿನ್ ಬಿಡುವಂತೆಯೂ ಇಲ್ಲ. ಬರೀ ಈಸ್ಟ್ರೋಜನ್ ಗರ್ಭಕೋಶದ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಹಾಗಾದರೆ ಏನು ಮಾಡಬೇಕು? ವಯಸ್ಸು 60ರೊಳಗಿದ್ದು, ಮುಟ್ಟು ನಿಂತು 10 ವರ್ಷ ದಾಟಿಲ್ಲದೆ, ತೊಂದರೆಯಿಂದ ದಿನದ ಕೆಲಸವೇ ಕೆಡುತ್ತಿದ್ದರೆ, ಗೆಳತಿಯ ಒಂದು ಮಾತಿಗೆ ಹೆದರಿ ನರಳಬೇಡಿ. ಸ್ತನ ಕ್ಯಾನ್ಸರ್ ಬಂದುಹೋದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಲಿವರ್ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಇದು ಹೇಳಿದ್ದಲ್ಲ. ಯೌವನ ಉಳಿಸಿಕೊಳ್ಳುವ ಆಸೆಗಂತೂ ಖಂಡಿತ ಬೇಡ.

ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ನಿಮ್ಮ ಮನೆ ಡಾಕ್ಟರ ಹತ್ತಿರವೇ ಹೋಗಿ, ನಾಲ್ಕು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಇದರಲ್ಲಿ ಯಾವ ಹಾರ್ಮೋನ್ ಇದೆ? ನನಗೇಕೆ ಬೇಕು? ಎಷ್ಟು ವರ್ಷ? ಮತ್ತೆ ತಪಾಸಣೆ ಯಾವಾಗ? ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಇದ್ದರೆ ಮುಚ್ಚಿಡದೆ ಹೇಳಿ. ಮಾತ್ರೆ ನುಂಗಲಿ, ಬಿಡಲಿ, ಎದೆಯಲ್ಲಿ ಗಂಟು ಸಿಕ್ಕಿದರೆ ಮಾತ್ರ 'ಹಬ್ಬ ಮುಗೀಲಿ' ಎಂದು ಕಾಯಬೇಡಿ, ಅಂದೇ ತೋರಿಸಿ.