ಬಿಸಿಲು ಬಂತು, ನೀರಿಗೆ ಇನ್ನೂ ಚಳಿಗಾಲ



ಏಪ್ರಿಲ್ ಮುಗಿಯುವಷ್ಟರಲ್ಲಿ ಒಂದು ಶನಿವಾರ 20 ಡಿಗ್ರಿ ಬಿಸಿಲು ಬಿತ್ತು ಅಂದರೆ ಸಾಕು, ನಮ್ಮ ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಪಿಕ್ನಿಕ್ ಮಾತು ಶುರುವಾಗುತ್ತದೆ. ಚಿತ್ರಾನ್ನ ಯಾರದು, ಮೊಸರನ್ನ ಯಾರದು, ಕನೂ ಬಾಡಿಗೆ ಎಷ್ಟು. ದಿನವೂ ಹೆಚ್ಚುಕಡಿಮೆ ನಿಶ್ಚಯವೇ: ಮೇ ತಿಂಗಳ ವಿಕ್ಟೋರಿಯಾ ಡೇ ಲಾಂಗ್ ವೀಕೆಂಡ್. ಜುಲೈ-ಆಗಸ್ಟ್‌ನಲ್ಲಿ ಅರ್ಧ ಶಾಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಇರುತ್ತದೆ, ಅದಕ್ಕೆ ಮೊದಲೇ ಮುಗಿಸಿಬಿಡೋಣ ಅನ್ನುವುದು ಲೆಕ್ಕ.

ಪಿಕ್ನಿಕ್ ಬಗ್ಗೆ ನನ್ನ ತಕರಾರಿಲ್ಲ. ದೋಣಿಯ ಬಗ್ಗೆ ಇದೆ. ಒಂಟಾರಿಯೊ ಸರೋವರದಲ್ಲಾಗಲಿ, ಅದು ಕಿಂಗ್‌ಸ್ಟನ್ ಹತ್ತಿರ ಸೇಂಟ್ ಲಾರೆನ್ಸ್ ನದಿಯಾಗಿ ಹರಿಯಲು ಶುರುಮಾಡುವ ಕಡೆಯಾಗಲಿ, ಮೇ ತಿಂಗಳಲ್ಲಿ ನಮ್ಮ ಮಕ್ಕಳನ್ನು ಸಣ್ಣ ದೋಣಿಗೆ ಹತ್ತಿಸಬಾರದು, ಆ ಭಾಗವನ್ನು ಸೆಪ್ಟೆಂಬರ್‌ಗೆ ಹಾಕಬೇಕು ಅನ್ನುವುದು ನನ್ನ ವಾದ. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಪ್ರತಿ ವರ್ಷ ಮಾರ್ಚ್‌ನಲ್ಲಿ ಯಾರಾದರೂ ಒಬ್ಬರು "ಈ ಸಲ ವಸಂತ ಬೆಚ್ಚಗಿರುತ್ತಂತೆ" ಅಂತ ಸುದ್ದಿ ತರುತ್ತಾರೆ. ಕೆನಡಾದ ಹವಾಮಾನ ಇಲಾಖೆ ಕೊಡುವ ಋತುವಿನ ಮುನ್ಸೂಚನೆಯನ್ನು ಸರಿಯಾಗಿ ಓದಿ ನೋಡಿ. ಮುಂದಿನ ಮೂರು ತಿಂಗಳ ಸರಾಸರಿ ತಾಪಮಾನ ವಾಡಿಕೆಗಿಂತ ಹೆಚ್ಚಾಗುವ, ವಾಡಿಕೆಯಷ್ಟೇ ಇರುವ, ಕಡಿಮೆಯಾಗುವ ಸಾಧ್ಯತೆ ಶೇಕಡಾ ಎಷ್ಟೆಷ್ಟು ಅಂತ ಅದು ಹೇಳುತ್ತದೆ. ಅಷ್ಟೇ. ನಾವು ಹೋಗುವ ಶನಿವಾರ ಮಧ್ಯಾಹ್ನ ಮೂರಕ್ಕೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಅಂತ ಅದು ಹೇಳುವುದಿಲ್ಲ, ಹೇಳುತ್ತೇನೆ ಅಂತ ಹೊರಟೂ ಇಲ್ಲ.

ಇನ್ನೊಂದು ಮಾತು. ಬೆಚ್ಚನೆಯ ವಸಂತ ದೋಣಿಯವರಿಗೆ ಒಳ್ಳೆ ಸುದ್ದಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಪ್ರಕಾರ ಉಲ್ಟಾ. ಬಿಸಿಲು ಬೇಗ ಬಂದರೆ ಜನ ಬೇಗ ನೀರಿಗಿಳಿಯುತ್ತಾರೆ, ತೆಳು ಬಟ್ಟೆಯಲ್ಲಿ ಇಳಿಯುತ್ತಾರೆ. ಸರೋವರ ಮಾತ್ರ ಅಷ್ಟು ಬೇಗ ಬಿಸಿಲಿನ ಮಾತು ಕೇಳುವುದಿಲ್ಲ. ಗಾಳಿಗೂ ನೀರಿಗೂ ನಡುವೆ ಇರುವ ಆ 15 ಡಿಗ್ರಿ ವ್ಯತ್ಯಾಸದಲ್ಲೇ ಅಪಾಯ ಇರುವುದು.

ಯಾಕೆ ಕೇಳುವುದಿಲ್ಲ ಅಂತ ಮಕ್ಕಳಿಗೆ ಹೇಳ್ತೀನಿ. ನಾನು ಹವಾಮಾನ ತಜ್ಞ ಅಲ್ಲ, ಸಾಫ್ಟ್‌ವೇರ್ ಬರೆಯುವವನು. ಆದರೆ ಇದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖಕ್ಕಿಂತ ಅಷ್ಟೇ ನೀರಿಗೆ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಬೇಕು. ಒಂಟಾರಿಯೊ ಸರೋವರದ ಸರಾಸರಿ ಆಳ 86 ಮೀಟರ್, ಅತಿ ಆಳದ ಜಾಗದಲ್ಲಿ 244 ಮೀಟರ್. ಸಾಲದ್ದಕ್ಕೆ ಸಿಹಿನೀರಿಗೆ ಒಂದು ವಿಚಿತ್ರ ಗುಣ ಇದೆ: ಅದು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಚಳಿಗಾಲದ ಕೊನೆಗೆ ಮೇಲಿನ ನೀರು ಅದಕ್ಕಿಂತಲೂ ತಣ್ಣಗಿರುತ್ತದೆ. ಬಿಸಿಲು ಬಿದ್ದು 4ರ ಹತ್ತಿರ ಬಂದ ಕೂಡಲೇ ಭಾರವಾಗಿ ಕೆಳಗೆ ಮುಳುಗುತ್ತದೆ, ಅಡಿಯ ತಣ್ಣೀರು ಮೇಲೆ ಬರುತ್ತದೆ. ಹೀಗೆ ಮೇಲೆ ಕೆಳಗೆ ಕಲಸಿಕೊಳ್ಳುತ್ತಾ ಇಡೀ ನೀರು 4 ಡಿಗ್ರಿಗೆ ಬರುವ ತನಕ ಬೆಚ್ಚನೆಯ ಪದರ ಮೇಲೆ ನಿಲ್ಲುವುದೇ ಇಲ್ಲ. ದಡದ ಆಳವಿಲ್ಲದ ನೀರು ಮೊದಲು ಬೆಚ್ಚಗಾಗುತ್ತದೆ, ನಡುಭಾಗ ಜೂನ್ ತನಕವೂ 4 ಡಿಗ್ರಿಯ ಆಸುಪಾಸಿನಲ್ಲೇ ಇರಬಹುದು. ಫ್ರಿಜ್ಜಿನ ಒಳಗಿರುವ ನೀರಿನ ಬಾಟಲಿ ಎಷ್ಟು ತಣ್ಣಗಿರುತ್ತದೋ ಅಷ್ಟು. "ದಡದಲ್ಲಿ ಕಾಲು ಅದ್ದಿ ನೋಡಿದೆ, ಪರವಾಗಿಲ್ಲ" ಅನ್ನುವವರು ಇದನ್ನು ಇನ್ನೊಂದು ಸಲ ಓದಬೇಕು.

ಅಂಥ ನೀರಿಗೆ ಬಿದ್ದರೆ ಏನಾಗುತ್ತದೆ? ಮೈ ಕೊರೆದು ಕೊರೆದು ನಿಧಾನವಾಗಿ ಪ್ರಾಣ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಕೊನೆಯ ಹಂತ. ಬಹಳ ಜನ ಅಲ್ಲಿಯ ತನಕ ಬದುಕಿರುವುದೇ ಇಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗೋರ್ಡನ್ ಗೀಸ್‌ಬ್ರೆಕ್ಟ್ ತಾವೇ ಮಂಜುಗಡ್ಡೆಯ ನೀರಿಗಿಳಿದು ಪ್ರಯೋಗ ಮಾಡಿದವರು. ಅವರು ಹೇಳಿಕೊಡುವ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ನಮ್ಮ ಹತೋಟಿಯಲ್ಲಿ ಇರುವುದಿಲ್ಲ, ಏದುಸಿರು ಬರುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ. ಮುಂದಿನ 10 ನಿಮಿಷ ಬೆರಳು, ತೋಳು, ಕಾಲು ಹೇಳಿದ ಮಾತು ಕೇಳುತ್ತವೆ, ಆಮೇಲೆ ಕೇಳುವುದಿಲ್ಲ. ಈಜುವುದರಲ್ಲಿ ಮೆಡಲ್ ಗೆದ್ದವರಿಗೂ ಇದೇ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಹಾಕಿದವರಿಗೆ ಆ ಒಂದು ಗಂಟೆ ಇರುತ್ತದೆ, ಯಾರಾದರೂ ಬಂದು ಎತ್ತಬಹುದು. ಹಾಕದವರಿಗೆ ಹತ್ತು ನಿಮಿಷವೂ ಖಾತ್ರಿ ಇಲ್ಲ. ಮಕ್ಕಳ ಮೈ ಚಿಕ್ಕದು, ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಸೀಟಿನ ಕೆಳಗೆ ಇದ್ದರೆ ಏನು ಬಂತು? ನೀರಿಗೆ ಬಿದ್ದ ಮೇಲೆ, ಬೆರಳು ಮರಗಟ್ಟಿದಾಗ, ಅದರ ಬಕಲ್ ಹಾಕಿಕೊಳ್ಳಲು ಆಗುವುದಿಲ್ಲ.

ಊರಿನಲ್ಲಿ ಬೆಳೆದ ನಮಗೆ ಇದು ಅರ್ಥವಾಗುವುದು ಕಷ್ಟ, ಅದರಲ್ಲಿ ನಮ್ಮ ತಪ್ಪಿಲ್ಲ. ನಮ್ಮ ನದಿಗಳು ಹೆದರಿಸಬೇಕಾದಾಗ ಕೂಗಿ ಹೆದರಿಸುತ್ತವೆ. ಕಾವೇರಿ, ತುಂಗೆ, ನೇತ್ರಾವತಿ ಮಳೆಗಾಲದಲ್ಲಿ ಕೆಂಪಾಗಿ ಭೋರ್ಗರೆಯುತ್ತವೆ, ಹತ್ತಿರ ಹೋಗಬೇಡ ಅಂತ ಮಗುವಿಗೂ ಗೊತ್ತಾಗುತ್ತದೆ. ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯಲು ಕಡಲಿಗಿಳಿಯುವುದಿಲ್ಲ, ಅದು ನಿಯಮ. ಏಪ್ರಿಲ್-ಮೇ ತಿಂಗಳಲ್ಲಿ ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದರೆ ನೀರು ಉಗುರುಬೆಚ್ಚಗೆ. ಹಾಗಾಗಿ ಮೋಡ ಅಂದರೆ ಅಪಾಯ, ಬಿಸಿಲು ಅಂದರೆ ಕ್ಷೇಮ ಅನ್ನುವುದು ನಮ್ಮ ಮನಸ್ಸಿನ ಡೀಫಾಲ್ಟ್ ಸೆಟ್ಟಿಂಗ್. ಇಲ್ಲಿಯ ಮೇ ತಿಂಗಳು ಆ ಸೆಟ್ಟಿಂಗಿಗೆ ಸರಿಯಾಗಿ ಮೋಸ ಮಾಡುತ್ತದೆ. ನೀಲಿ ಆಕಾಶ, ಕನ್ನಡಿಯಂಥ ನೀರು, ಸದ್ದೇ ಇಲ್ಲ.

ಆ ಕನ್ನಡಿಯ ವಿಷಯಕ್ಕೂ ಬರೋಣ. ಟೊರೊಂಟೊ, ಮಿಸ್ಸಿಸಾಗಾ, ಓಕ್‌ವಿಲ್ ಎಲ್ಲ ಸರೋವರದ ಉತ್ತರ-ಪಶ್ಚಿಮದ ದಡದಲ್ಲಿವೆ. ವಾಯುವ್ಯದಿಂದ ಗಾಳಿ ಬೀಸಿದರೆ ಅದು ನೆಲದಿಂದ ನೀರಿನ ಕಡೆಗೆ. ದಡದ ಮರ, ಕಟ್ಟಡಗಳ ಮರೆಯಲ್ಲಿ ನೀರು ಅಲುಗಾಡುವುದಿಲ್ಲ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಮಗು ಕೂತು ಇನ್ನೂರು ಮೀಟರ್ ಒಳಗೆ ಹೋದ ಮೇಲೆ ಗಾಳಿಯ ಕೈ ಸಿಗುತ್ತದೆ, ವಾಪಸು ಹುಟ್ಟು ಹಾಕಲು ಆಗುವುದಿಲ್ಲ. ಎದುರಿನ ದಡ ನ್ಯೂಯಾರ್ಕ್ ರಾಜ್ಯ. ಸರೋವರದ ಉದ್ದ 311 ಕಿ.ಮೀ.; ನೈಋತ್ಯದ ಗಾಳಿ ಅಷ್ಟು ದೂರ ಉರುಳಿಸಿಕೊಂಡು ಬಂದ ಅಲೆಗಳು ಕಿಂಗ್‌ಸ್ಟನ್ ಕಡೆ ಬಡಿಯುತ್ತವೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರ 1 ಮೀಟರ್ ಅಂತ ಬರೆದಿದ್ದರೆ ಅದು ದೊಡ್ಡ ಅಲೆಗಳ ಸರಾಸರಿ, ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ್ದೂ ನಡುವೆ ಒಂದೊಂದು ಬರುತ್ತದೆ. ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಹಾದರೆ ಮಂಜು ಕವಿಯುವುದೂ ಇದೇ ತಿಂಗಳಲ್ಲಿ.

ಇನ್ನು ಗುಡುಗು. 2022ರ ಮೇ 21 ನೆನಪಿದೆಯಾ? ಅದೇ ಲಾಂಗ್ ವೀಕೆಂಡಿನ ಶನಿವಾರ. ದಕ್ಷಿಣ ಒಂಟಾರಿಯೊದಿಂದ ಕ್ವಿಬೆಕ್ ತನಕ ಬಿರುಗಾಳಿಯ ಒಂದು ಸಾಲು ಮಧ್ಯಾಹ್ನವಿಡೀ ಗುಡಿಸಿಕೊಂಡು ಹೋಯಿತು. ಕೆಲವು ಕಡೆ ಗಾಳಿ ಗಂಟೆಗೆ 190 ಕಿ.ಮೀ. ಮುಟ್ಟಿತ್ತು ಅಂತ ಆಮೇಲೆ ಅಂದಾಜು ಮಾಡಿದರು. ಒಟ್ಟಾವಾ ನದಿಯಲ್ಲಿ ದೋಣಿ ಮಗುಚಿ ಒಬ್ಬರು ತೀರಿಕೊಂಡರು. ಮನೆಯಲ್ಲಿದ್ದ ನಮಗೆ ಫೋನ್ ಕಿರುಚಿ ಎಚ್ಚರಿಸಿತು, ಕಿಟಕಿ ಮುಚ್ಚಿದೆವು. ನಡುನೀರಿನಲ್ಲಿ ಇರುವವರು ಏನು ಮುಚ್ಚಬೇಕು?

ನದಿಯ ಕಥೆ ಸ್ವಲ್ಪ ಬೇರೆ. ಪ್ರತಿ ಜುಲೈನಲ್ಲಿ ಕೆಆರ್‌ಎಸ್ 124.80 ಅಡಿಗೆ ಬಂತಾ ಅಂತ ಇಲ್ಲಿಂದಲೇ ಫೋನಿನಲ್ಲಿ ನೋಡುವವರು ನಮ್ಮಲ್ಲಿ ಎಷ್ಟು ಜನ! ಮನೆಯ ಪಕ್ಕದ ಸರೋವರಕ್ಕೂ ಅಂಥದ್ದೇ ಲೆಕ್ಕ ಇದೆ, ಯಾರೂ ನೋಡುವುದಿಲ್ಲ. ಒಂಟಾರಿಯೊ ಸರೋವರದಿಂದ ಹೊರಗೆ ಹೋಗುವ ನೀರನ್ನು ಕಾರ್ನ್‌ವಾಲ್ ಹತ್ತಿರದ ಮೋಸೆಸ್-ಸಾಂಡರ್ಸ್ ಅಣೆಕಟ್ಟಿನಲ್ಲಿ ನಿಯಂತ್ರಿಸುತ್ತಾರೆ. ವಸಂತದಲ್ಲಿ ಹಿಮ ಕರಗಿ ಒಟ್ಟಾವಾ ನದಿ ಉಕ್ಕಿದರೆ ಆ ನೀರು ಮಾಂಟ್ರಿಯಲ್ ಹತ್ತಿರ ಸೇಂಟ್ ಲಾರೆನ್ಸ್‌ಗೆ ಸೇರುತ್ತದೆ. ಆಗ ಮಾಂಟ್ರಿಯಲ್ ಮುಳುಗದಿರಲಿ ಅಂತ ಇಲ್ಲಿ ಬಿಡುವ ನೀರನ್ನು ಕಡಿಮೆ ಮಾಡಬೇಕಾಗುತ್ತದೆ, ಸರೋವರ ತುಂಬುತ್ತದೆ. 2017ರಲ್ಲಿ ಹೀಗೇ ಆಗಿ ಮಟ್ಟ 75.88 ಮೀಟರ್ ತಲುಪಿತು, ಟೊರೊಂಟೊ ದ್ವೀಪಗಳ ಪಾರ್ಕ್ ಜುಲೈ ಕೊನೆಯ ತನಕ ಮುಚ್ಚಿತ್ತು. 2019ರಲ್ಲಿ 75.92. ಕೆಳಗಿನ ನೆರೆ ಇಳಿದ ಮೇಲೆ ಅಣೆಕಟ್ಟಿನಿಂದ ಸೆಕೆಂಡಿಗೆ 10,400 ಘನ ಮೀಟರ್ ಬಿಟ್ಟರು. ಮಕ್ಕಳೇ, ಒಂದು ಒಲಿಂಪಿಕ್ ಈಜುಕೊಳದಲ್ಲಿ ಸುಮಾರು 2,500 ಘನ ಮೀಟರ್ ಹಿಡಿಯುತ್ತದೆ, ಭಾಗಿಸಿ ನೋಡಿ. ಅಂಥ ವರ್ಷ ನದಿಯ ಇಕ್ಕಟ್ಟಿನ ಜಾಗಗಳಲ್ಲಿ ಸೆಳೆತ ಹೆಚ್ಚು, ಕಟ್ಟೆಗಳು ನೀರಿನಡಿ ಕಾಣುವುದಿಲ್ಲ, ಮರದ ದಿಮ್ಮಿಗಳು ಅರ್ಧ ಮುಳುಗಿ ತೇಲಿಬರುತ್ತವೆ. ಗನನಾಕ್ವೆಯಿಂದ ಸಾವಿರ ದ್ವೀಪಗಳನ್ನು ತೋರಿಸುವ ದೊಡ್ಡ ಪ್ರವಾಸಿ ಹಡಗಿನ ಬಗ್ಗೆ ನಾನು ಹೇಳುತ್ತಿಲ್ಲ. ಅಜ್ಜಿ-ತಾತಂದಿರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ, ಸ್ವೆಟರ್ ಮರೆಯಬೇಡಿ.

ಈಗ ಆಕ್ಷೇಪಗಳು. "ಮಕ್ಕಳನ್ನು ಎಲ್ಲದಕ್ಕೂ ಹೆದರಿಸಿ ಮನೆಯಲ್ಲಿ ಕೂರಿಸಿದರೆ ಐಪ್ಯಾಡ್ ಹಿಡಿಯುತ್ತವೆ" ಅನ್ನುವುದು ಒಂದು. ಒಪ್ಪಿದೆ. ಈ ದೇಶದಲ್ಲಿ ಬೆಳೆಯುವ ಮಗುವಿಗೆ ಕನೂ ನಡೆಸಲು ಬರಬೇಕು, ಅದು ನನ್ನ ಆಸೆಯೂ ಹೌದು. "ಇಲ್ಲಿನವರು ಮೇ ತಿಂಗಳಲ್ಲಿ ಹೋಗುವುದಿಲ್ಲವಾ?" ಅನ್ನುವುದು ಇನ್ನೊಂದು. ಹೋಗುತ್ತಾರೆ, ಡ್ರೈಸೂಟ್ ಹಾಕಿಕೊಂಡು, ವರ್ಷಗಟ್ಟಲೆ ಅಭ್ಯಾಸ ಇಟ್ಟುಕೊಂಡು. ಕಾಟನ್ ಕುರ್ತಾ, ಜೀನ್ಸ್‌ನಲ್ಲಿ ನಲವತ್ತು ಜನ ಒಟ್ಟಿಗೆ ಹೋಗುವುದಿಲ್ಲ. ಸಣ್ಣ ಒಳನಾಡಿನ ಕೆರೆಗಳು ಬೇಗ ಬೆಚ್ಚಗಾಗುತ್ತವೆ ಅನ್ನುವುದು ನಿಜ, ಜೂನ್ ಕೊನೆಗೆ ಅಲ್ಲಿ ಹೋಗಬಹುದು. ಆದರೆ ಜೂನ್ ಕೊನೆಗೆ ನಮ್ಮವರು ಸೂಟ್‌ಕೇಸ್ ತೂಕ ಹಾಕುತ್ತಿರುತ್ತಾರೆ.

ಅದಕ್ಕೇ ಸೆಪ್ಟೆಂಬರ್. ಬೇಸಿಗೆಯಿಡೀ ಶಾಖ ಹೀರಿಕೊಂಡ ಸರೋವರ ಅತಿ ಬೆಚ್ಚಗಿರುವುದು ಆಗಸ್ಟ್, ಸೆಪ್ಟೆಂಬರ್ ಮೊದಲ ವಾರಗಳಲ್ಲಿ. ಮೇ ತಿಂಗಳ 20 ಡಿಗ್ರಿಯ ದಿನ ನೀರು 5ರಿಂದ 8 ಡಿಗ್ರಿ ಇದ್ದರೆ, ಸೆಪ್ಟೆಂಬರಿನ ಅದೇ 20 ಡಿಗ್ರಿಯ ದಿನ ನೀರೂ ಸಾಮಾನ್ಯವಾಗಿ 18-20ರಲ್ಲಿ ಇರುತ್ತದೆ. ಪಶ್ಚಿಮದ ಗಾಳಿ ಒಂದೆರಡು ದಿನ ಬಿಡದೆ ಬೀಸಿ ಅಡಿಯ ತಣ್ಣೀರನ್ನು ಟೊರೊಂಟೊ ಕಡೆ ಮೇಲಕ್ಕೆ ತಂದರೆ ಮಾತ್ರ ಬೇರೆ, ಅದನ್ನು ಆ ದಿನ ಅಳೆದು ನೋಡಬೇಕು. ಊರಿಗೆ ಹೋದವರೆಲ್ಲ ವಾಪಸು ಬಂದಿರುತ್ತಾರೆ. ಸೊಳ್ಳೆಯೂ ಕಡಿಮೆ. ಗಣೇಶನ ಹಬ್ಬ ಅಡ್ಡ ಬಂದರೆ ಒಂದು ವಾರ ಆಚೆ ಈಚೆ ಮಾಡೋಣ. ಮೇ ತಿಂಗಳಲ್ಲಿ ದಡದ ಮೇಲೆ ಲಗೋರಿ, ಕಬಡ್ಡಿ, ಪುಳಿಯೋಗರೆ ಯಥಾಪ್ರಕಾರ.

ಹಾಗಂತ ಮೇ ತಿಂಗಳನ್ನು ಸುಮ್ಮನೆ ಕಳೆಯುವುದು ಬೇಡ. ದೊಡ್ಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡೋಣ ಅಂತಿದ್ದೇನೆ. ಹವಾಮಾನ ಇಲಾಖೆ ದೋಣಿಯವರಿಗಾಗಿಯೇ ಬೇರೆ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಸೂರ್ಯನ ಚಿತ್ರ ಇರುವುದಿಲ್ಲ, ಗಾಳಿಯ ದಿಕ್ಕು, ವೇಗ, ಅಲೆ ಇರುತ್ತದೆ. ವೇಗ ನಾಟ್‌ನಲ್ಲಿ, 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 20 ನಾಟ್ ದಾಟುತ್ತದೆ ಅಂದರೆ ಬಲವಾದ ಗಾಳಿಯ ಎಚ್ಚರಿಕೆ, 34 ದಾಟಿದರೆ ಅದಕ್ಕಿಂತ ದೊಡ್ಡದು. ಸರೋವರದಲ್ಲಿ ತೇಲುತ್ತಾ ನೀರಿನ ತಾಪಮಾನ ಅಳೆಯುವ ಉಪಕರಣಗಳ ಅಂಕಿಗಳನ್ನೂ ಯಾರು ಬೇಕಾದರೂ ನೋಡಬಹುದು. ಪ್ರತಿ ಶನಿವಾರ ತರಗತಿ ಶುರುವಾಗುವ ಮೊದಲು ಐದು ನಿಮಿಷ: ಗಾಳಿಯ ತಾಪಮಾನ, ನೀರಿನ ತಾಪಮಾನ, ಗಾಳಿಯ ದಿಕ್ಕು, ಸರೋವರದ ಮಟ್ಟ, ನಾಲ್ಕು ಅಂಕಿ ಕನ್ನಡದಲ್ಲಿ ಬೋರ್ಡಿನ ಮೇಲೆ. ವಾಯುವ್ಯ, ನೈಋತ್ಯ, ಈಶಾನ್ಯ, ಆಗ್ನೇಯ ಬಾಯಿಪಾಠ ಆಗಲು ಇದಕ್ಕಿಂತ ಒಳ್ಳೆ ದಾರಿ ನನಗಂತೂ ಗೊತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ದೋಣಿಯ ದಿನ ಬೆಳಿಗ್ಗೆ ಅದೇ ಮಕ್ಕಳು ಅಂಕಿ ಓದಿ "ಇವತ್ತು ಬೇಡ" ಅಂದರೆ ಯಾವ ಅಪ್ಪನೂ "ಇಷ್ಟು ದೂರ ಬಂದಿದ್ದೀವಲ್ಲೋ, ಬಾಡಿಗೆ ಕೊಟ್ಟಾಗಿದೆಯಲ್ಲೋ" ಅನ್ನಬಾರದು. ಈ ಒಂದು ಷರತ್ತಿಗೆ ಪೋಷಕರ ಸಭೆಯಲ್ಲಿ ಒಪ್ಪಿಗೆ ಬೇಕು.

ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದೇನೆ. ಮೇ ತಿಂಗಳೇ ಸರಿ ಅನ್ನುವವರು ದಯವಿಟ್ಟು ಬನ್ನಿ, ಬರುವಾಗ ಆ ದಿನದ ನೀರಿನ ತಾಪಮಾನ ನೋಡಿಕೊಂಡು ಬನ್ನಿ. ಬೋರ್ಡಿಗೆ ಬೇಕಾದ ನೋಟ್‌ಬುಕ್, ಮಾರ್ಕರ್ ಪೆನ್ನು ನಾನು ತರುತ್ತೇನೆ.