ಹಾಡುಗಳ ನಡುವಿನ ಮಾತು

ವಾಣಿಜ್ಯ ಬಾನುಲಿಯ ನಿರೂಪಕರ ಭಾಷೆಯನ್ನು ಕುರಿತು ಕನ್ನಡ ವಿದ್ವತ್ ವಲಯದಲ್ಲಿ ಕೇಳಿಬರುವುದು ಬಹುಮಟ್ಟಿಗೆ ದೂರುಗಳೇ. ಇಂಗ್ಲಿಷ್ ಬೆರಕೆ, ಅತಿವೇಗ, ಹರಟೆ ಎಂಬ ಆಕ್ಷೇಪಗಳು ನಿರಾಧಾರವೇನಲ್ಲ. ಆದರೆ ಆಕ್ಷೇಪಿಸಿದ್ದನ್ನು ಅಧ್ಯಯನಕ್ಕೇ ಎತ್ತಿಕೊಳ್ಳದಿರುವುದು ಯಾವ ಶಿಸ್ತು?

ಈ ಮಾತುಗಾರಿಕೆಯ ಬೆಳವಣಿಗೆಯ ಹಿಂದೆ ಒಂದು ನಿರಾಕರಣೆಯಿದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಅವಧಿಯಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ದೂರವಾದವು. ಶ್ರೋತೃಗಳು ರೇಡಿಯೋ ಸಿಲೋನಿನತ್ತ ಹೊರಳಿದರು. ಅಲ್ಲಿ ಅದೇ ವರ್ಷ ಆರಂಭವಾದ ‘ಬಿನಾಕಾ ಗೀತಮಾಲಾ’ದ ಮೂಲಕ ಅಮೀನ್ ಸಯಾನಿ ಹಾಡಿನಷ್ಟೇ ನಿರೂಪಣೆಗೂ ಕಿವಿಗೊಡುವ ಶ್ರೋತೃವರ್ಗವೊಂದನ್ನು ರೂಪಿಸಿದರು. 1957ರ ವಿವಿಧಭಾರತಿ ಇದಕ್ಕೆ ಆಕಾಶವಾಣಿಯ ಉತ್ತರ. 1967ರಲ್ಲಿ ಅಲ್ಲಿಗೂ ಜಾಹೀರಾತು ಬಂತು. 2001ರ ಜುಲೈಯಲ್ಲಿ ಬೆಂಗಳೂರಿನ ರೇಡಿಯೋ ಸಿಟಿಯೊಂದಿಗೆ ಖಾಸಗಿ ಎಫ್.ಎಂ. ಯುಗ ತೊಡಗಿತು. ಖಾಸಗಿ ಕೇಂದ್ರಗಳಿಗೆ ಸ್ವಂತ ಸುದ್ದಿ ಪ್ರಸಾರದ ಅವಕಾಶವಿರಲಿಲ್ಲ. ಚಿತ್ರಗೀತೆಗಳಂತೂ ಎಲ್ಲರಿಗೂ ಸಮಾನ. ಕೇಂದ್ರವೊಂದರ ಗುರುತು ಹೀಗೆ ನಿರೂಪಕರ ನಾಲಗೆಯ ಮೇಲೆ ನಿಂತಿತು.

ಕರಾವಳಿಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಪುತ್ತೂರಿನ ದರ್ಬೆಯಂತಹ ಕಡೆ ಮನೆಮಾತು ತುಳು, ಬ್ಯಾರಿ, ಕೊಂಕಣಿ ಅಥವಾ ಹವ್ಯಕ. ಶಿಷ್ಟ ಕನ್ನಡ ಬಹುಮಂದಿಗೆ ಶಾಲೆ ಕಚೇರಿಗಳ ಭಾಷೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಗ್ರಾಂಥಿಕ ಕನ್ನಡ ಇಲ್ಲಿನ ಕಿವಿಗೆ ಸಹಜವಾಗಿಯೇ ಒಗ್ಗಿತು. 2005ರ ಎರಡನೆಯ ಹಂತದ ಪರವಾನಗಿ ನೀತಿಯ ಅನಂತರ ಮಂಗಳೂರಿಗೂ ಖಾಸಗಿ ಕೇಂದ್ರಗಳು ಬಂದಾಗ ನಿರೂಪಕರಿಗೆ ಎದುರಾದದ್ದು ಬೇರೆಯೇ ಇಕ್ಕಟ್ಟು: ಯಾವ ಕನ್ನಡದಲ್ಲಿ ಸಲುಗೆಯಿಂದ ಮಾತಾಡುವುದು? ಗ್ರಾಂಥಿಕ ಕನ್ನಡಕ್ಕೆ ಸಲುಗೆ ಒಗ್ಗದು. ಬೆಂಗಳೂರಿನ ಆಡುನುಡಿ ಇಲ್ಲಿ ಎರವಲು. ಬೆರಕೆಯೆಂದು ಜರೆಯಲಾಗುವುದರ ಒಂದು ಪಾಲಾದರೂ ಈ ಇಕ್ಕಟ್ಟಿನ ಫಲವಾಗಿರಬಹುದು.

ಸೋಜಿಗವೆಂದರೆ, ಹಾಡುಗಳ ನಡುವಿನ ಆಶುಭಾಷಣವನ್ನು ಗಂಭೀರ ಪಠ್ಯವೆಂದು ಮೊದಲು ಮನಗಂಡ ನೆಲವೂ ಇದೇ. ತಾಳಮದ್ದಳೆಯಲ್ಲಿ ಭಾಗವತರ ಪದ್ಯಗಳ ನಡುವೆ ಅರ್ಥಧಾರಿ ಆಡುವುದು ಅಂತಹ ಮಾತನ್ನೇ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ವಿದ್ವಾಂಸರು ಆದರದಿಂದ ಚರ್ಚಿಸಿದ್ದಾರೆ. ಅರ್ಥಧಾರಿಗೆ ಪುರಾಣದ ಬೆಂಬಲ, ಇರುಳಿಡೀ ಸಮಯ. ನಿರೂಪಕರಿಗೆ ಜಾಹೀರಾತುಗಳ ನಡುವಿನ ಕೆಲವು ಕ್ಷಣ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಒಂದಕ್ಕೆ ಅನ್ವಯಿಸಿದ ವಿಧಾನವನ್ನು ಇನ್ನೊಂದರ ಮೇಲೆ ಪ್ರಯೋಗಿಸಿ ನೋಡಲು ಮಡಿವಂತಿಕೆ ಅಡ್ಡಬರಬಾರದಷ್ಟೆ.

ಆಕರಗಳ ಪ್ರಶ್ನೆ ತುರ್ತಿನದು. ಬರಹವಿಲ್ಲದೆ ಆಡಿದ ಈ ಮಾತು ಗಾಳಿಯಲ್ಲೇ ಕರಗಿದೆ. ಖಾಸಗಿ ಎಫ್.ಎಂ.ನ ಮೊದಲ ತಲೆಮಾರಿನ ನಿರೂಪಕರಲ್ಲಿ ಬಹುಮಂದಿ ಇನ್ನೂ ನಡುವಯಸ್ಸಿನವರು. ಅವರ ಸಂದರ್ಶನ, ಶ್ರೋತೃಗಳ ಮನೆಗಳಲ್ಲಿ ಉಳಿದಿರಬಹುದಾದ ಧ್ವನಿಮುದ್ರಣಗಳ ಸಂಗ್ರಹ ಇವು ಕನ್ನಡ ವಿಭಾಗಗಳು ಈಗಲೇ ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ.