ಗಮನವೆಂಬ ಗೋಮಾಳ

ಕಳೆದ ಶ್ರಾವಣದಲ್ಲಿ ಕೊರಟಗೆರೆ ತಾಲ್ಲೂಕಿನ ಕೊಳಾಲಕ್ಕೆ ಹೋಗಿದ್ದೆ. ನನ್ನ ಹುಟ್ಟೂರು ಆ ಹೋಬಳಿಗೆ ಸೇರಿದ್ದು. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಬೇರೊಂದು ತಾಲ್ಲೂಕಿನಲ್ಲಿ ತಾಯಿಯ ಕಡೆಯಿಂದ ಬಂದ ಎರಡು ಎಕರೆ ಜಮೀನಿದೆ. ಅದರ ಪೌತಿ ಖಾತೆಗಾಗಿ ಅವರು ಅಲೆಯುತ್ತಿದ್ದರು. ಜತೆಗೆ ಬರುವಂತೆ ಕೇಳಿಕೊಂಡಾಗ ಇಲ್ಲವೆನ್ನಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದವನು ಕಚೇರಿಯ ಬೆಂಚಿನ ಈಚೆ ಬದಿಯಲ್ಲಿ ಕುಳಿತುಕೊಳ್ಳುವುದು ಒಂದು ಒಳ್ಳೆಯ ಶಿಕ್ಷಣ.

ಆ ಕಚೇರಿಯ ಹೆಸರು ಇಲ್ಲಿ ಅನಗತ್ಯ. ದೋಷ ಆ ಕಚೇರಿಯೊಂದರದೇ ಅಲ್ಲ. ನಮ್ಮ ಎದುರಿಗಿದ್ದ ಗ್ರಾಮ ಆಡಳಿತ ಅಧಿಕಾರಿ ಮೂವತ್ತು ದಾಟದ ಯುವಕ, ಸೌಜನ್ಯವಂತ. ವಂಶವೃಕ್ಷವನ್ನೂ ಮರಣ ಪ್ರಮಾಣಪತ್ರವನ್ನೂ ತೆಗೆದುಕೊಂಡು ಪರಿಶೀಲಿಸತೊಡಗಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲ್ ಸದ್ದು ಮಾಡಿತು. ನೋಡಿ, ಏನೋ ಬರೆದು ಕಳುಹಿಸಿ, ಮತ್ತೆ ಕಾಗದಗಳಿಗೆ ಮರಳಿ, ಮೊದಲ ಹಾಳೆಯಿಂದಲೇ ಓದಲಾರಂಭಿಸಿದ. ಹಳೆಯ ಅಭ್ಯಾಸಬಲದಿಂದ ನಾನು ಎಣಿಸುತ್ತ ಕುಳಿತೆ. ನಲವತ್ತು ನಿಮಿಷಗಳಲ್ಲಿ ಆ ಫೋನು ಹತ್ತೊಂಬತ್ತು ಸಲ ಕೂಗಿತು. ಆರು ಸಲ ಆತ ಉತ್ತರಿಸಲೇಬೇಕಾಯಿತು. ಕೊನೆಗೆ ಅತ್ಯಂತ ಸಂಕೋಚದಿಂದ, ‘ನಾಳೆ ಬನ್ನಿ ಸಾರ್, ಈ ರಿಪೋರ್ಟು ಹನ್ನೆರಡರೊಳಗೆ ಹೋಗಬೇಕು’ ಎಂದ. ನನ್ನ ಜತೆಗಿದ್ದ ಹಿರಿಯರು ಹೊರಬಂದು ಹೇಳಿದ್ದು ಇಷ್ಟೆ: ‘ಆವಯ್ಯ ಕೆಟ್ಟೋನಲ್ಲ ಕಣಪ್ಪ. ಅದು ಕೂಗ್ತಾನೇ ಇದ್ರೆ ಅವನಾದ್ರೂ ಏನ್ ಮಾಡ್ತಾನೆ?’

ಕೆಲಸದ ವೇಳೆಯಲ್ಲಿ ಮೊಬೈಲಿನ ಹಾವಳಿಯನ್ನು ಕುರಿತು ಇತ್ತೀಚೆಗೆ ಉಪದೇಶಗಳಿಗೆ ಕೊರತೆಯಿಲ್ಲ. ಫೋನನ್ನು ದೂರವಿಡಿ, ದಿನದ ಕೆಲಸಗಳ ಪಟ್ಟಿ ಮಾಡಿಕೊಳ್ಳಿ, ಮನೋನಿಗ್ರಹ ಬೆಳೆಸಿಕೊಳ್ಳಿ ಎಂಬಿತ್ಯಾದಿ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಇವು ತಪ್ಪಲ್ಲ. ಕಚೇರಿಯಲ್ಲಿ ಕುಳಿತು ಕ್ರಿಕೆಟ್ ನೋಡುವವರಿಗೆ, ಒಂದು ರೀಲ್ಸ್ ಮುಗಿಯುತ್ತಲೇ ಇನ್ನೊಂದಕ್ಕೆ ಜಾರುವವರಿಗೆ ಈ ಉಪದೇಶ ಸಲ್ಲುತ್ತದೆ. ಅಂಥವರು ಇಲ್ಲವೆಂದು ನಾನು ವಾದಿಸಲಾರೆ. ಆದರೆ ಆ ಯುವಕನ ಸಮಸ್ಯೆ ಮನೋನಿಗ್ರಹದ ಅಭಾವವಲ್ಲ. ಅವನ ಫೋನಿನಲ್ಲಿ ಕೂಗುತ್ತಿದ್ದುದು ಮನರಂಜನೆಯಲ್ಲ, ಸರ್ಕಾರ. ಅದನ್ನು ಆತ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದರೆ ಸಂಜೆಯೊಳಗೆ ಕಾರಣ ಕೇಳುವ ನೋಟಿಸು ಬರುತ್ತಿತ್ತು.

ಇದು ನನ್ನ ಊಹೆಯಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ಸ್ಥಗಿತಗೊಳಿಸಿ ಮುಷ್ಕರ ಹೂಡಿದರು. 2025ರ ಫೆಬ್ರುವರಿಯಲ್ಲಿ ಎರಡನೆಯ ಹಂತದ ಹೋರಾಟವೂ ನಡೆಯಿತು. ಅವರ ಮುಖ್ಯ ದೂರುಗಳಲ್ಲೊಂದು ಸಂಬಳದ್ದಲ್ಲ, ಮೊಬೈಲ್ ಆ್ಯಪ್‌ಗಳದ್ದು. ಆಧಾರ್ ಜೋಡಣೆಗೊಂದು, ಸರ್ಕಾರಿ ಜಮೀನಿನ ಗಸ್ತಿಗೆ ‘ಲ್ಯಾಂಡ್ ಬೀಟ್’ ಎಂಬುದೊಂದು, ಬಗರ್ ಹುಕುಂ ಅರ್ಜಿಗಳಿಗೊಂದು, ‘ಸಂಯೋಜನೆ’ ಎಂಬ ಮತ್ತೊಂದು, ಇವಲ್ಲದೆ ಇ-ಆಫೀಸು. ಹೀಗೆ ಒಬ್ಬನೇ ನೌಕರನ ತಲೆಯ ಮೇಲೆ ಹೇರಲಾದ ಹೊರೆಗೆ ತಕ್ಕ ಸಲಕರಣೆಯಾಗಲಿ, ಸಮಯವಾಗಲಿ ಇಲ್ಲವೆಂಬುದು ಅವರ ಅಳಲು. ಮುಷ್ಕರದ ಎಲ್ಲ ಬೇಡಿಕೆಗಳನ್ನೂ ಒಪ್ಪಬೇಕೆಂದಿಲ್ಲ. ಆದರೆ ಯಂತ್ರವೊಂದು ಕೆಲಸ ಹಗುರ ಮಾಡಬೇಕಾದಲ್ಲಿ, ಕೆಲಸಗಾರರೇ ಯಂತ್ರದ ವಿರುದ್ಧ ಬೀದಿಗಿಳಿದರೆ ಆಡಳಿತ ಯೋಚಿಸಬೇಕಾಗುತ್ತದೆ.

ನಾನು ತಂತ್ರಜ್ಞಾನದ ವೈರಿಯಲ್ಲ. ಕೈಬರಹದ ಪಹಣಿಗಾಗಿ ರೈತರು ವಾರಗಟ್ಟಲೆ ಕಾಯುತ್ತಿದ್ದುದನ್ನು, ಒಂದು ನಕಲಿಗೆ ಎಷ್ಟು ಕೈ ಬೆಚ್ಚಗಾಗಬೇಕಿತ್ತೆಂಬುದನ್ನು ಕಣ್ಣಾರೆ ಕಂಡವನು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಗಣಕೀಕೃತವಾದಾಗ ಅದು ಬಡರೈತನಿಗೆ ದೊರೆತ ನಿಜವಾದ ಬಿಡುಗಡೆ. 2012ರ ಕೊನೆಯಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಚೇರಿಯ ಸ್ವರೂಪವನ್ನೇ ಬದಲಿಸಿದವು. ಗಣಕಯಂತ್ರ ಜನರ ಸಮಯವನ್ನು ಉಳಿಸಿತು. ಈಗ ನಾವು ಮಾಡುತ್ತಿರುವುದು, ಹಾಗೆ ಉಳಿದ ಸಮಯವನ್ನು ಸಂದೇಶಗಳ ಮೂಲಕ ಮತ್ತೆ ಕಳೆಯುವ ಕೆಲಸ.

ನನ್ನ ಬಾಲ್ಯದಲ್ಲಿ ಟಪಾಲು ದಿನಕ್ಕೊಂದೇ ಸಲ ಬಸ್ಸಿನಲ್ಲಿ ಬರುತ್ತಿತ್ತು. ಶೇಕದಾರರು ಅದನ್ನು ಒಡೆದು ಓದಿ, ವಹಿಯಲ್ಲಿ ದಾಖಲಿಸಿ, ನಂತರ ಹಳ್ಳಿಗಳತ್ತ ಸೈಕಲ್ ಏರುತ್ತಿದ್ದರು. ಮರುದಿನದ ಬಸ್ಸು ಬರುವವರೆಗೆ ಅವರ ಗಮನ ಅವರದೇ ಆಗಿರುತ್ತಿತ್ತು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಲೆಕ್ಕಗಳೆಲ್ಲ ತನಿಖೆಯಾಗುತ್ತಿದ್ದವು. ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವ ಇಚ್ಛೆ ನನಗಿಲ್ಲ. ಆ ನಿಧಾನದ ನೆರಳಿನಲ್ಲಿ ಸೋಮಾರಿತನವೂ ಲಂಚವೂ ಚೆನ್ನಾಗಿಯೇ ಬೆಳೆದವು. ಆದರೆ ಕೇಳುವವನಿಗೂ ಮಾಡುವವನಿಗೂ ನಡುವೆ ಒಂದು ಅಂತರವಿತ್ತು. ಮೇಲಿನವರು ಒಂದು ಅಂಕಿಅಂಶ ಬೇಕೆಂದರೆ ಪತ್ರ ಬರೆಸಬೇಕು, ಸಹಿ ಮಾಡಬೇಕು, ರವಾನಿಸಬೇಕು. ಕೇಳುವುದಕ್ಕೆ ಶ್ರಮವಿದ್ದುದರಿಂದ ಕೇಳುವ ಮುನ್ನ ಅಗತ್ಯವಿದೆಯೇ ಎಂದು ಯೋಚಿಸುತ್ತಿದ್ದರು.

ಇಲ್ಲೇ ಅರ್ಥಶಾಸ್ತ್ರ ನೆರವಿಗೆ ಬರುತ್ತದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಮೂಲತಃ ಸಾರ್ವಜನಿಕ ಆಡಳಿತದ ವಿದ್ವಾಂಸರು. ಮಾಹಿತಿ ಹೆಚ್ಚಿದಂತೆಲ್ಲ ಅದನ್ನು ಗ್ರಹಿಸುವವರ ಗಮನ ಬಡವಾಗುತ್ತ ಹೋಗುತ್ತದೆ, ಆದ್ದರಿಂದ ಇನ್ನು ಮುಂದೆ ದುರ್ಲಭವಾಗುವುದು ಮಾಹಿತಿಯಲ್ಲ, ಗಮನ ಎಂಬ ಅರ್ಥದ ವಿಚಾರವನ್ನು ಅವರು 1971ರಷ್ಟು ಹಿಂದೆಯೇ ಮಂಡಿಸಿದ್ದರು. ದುರ್ಲಭವಾದ ಸಂಪನ್ಮೂಲಕ್ಕೆ ಬೆಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನೊಬೆಲ್ ಬೇಕಿಲ್ಲ. ನಮ್ಮ ಹಳ್ಳಿಗಳ ಗೋಮಾಳಗಳನ್ನು ನೋಡಿದರೆ ಸಾಕು. ಎಲ್ಲರದೂ ಆದದ್ದು ಯಾರದೂ ಅಲ್ಲವಾಗುತ್ತದೆ. ತನ್ನದೊಂದು ಹಸು ಹೆಚ್ಚು ಮೇಯ್ದರೆ ಏನಾದೀತು ಎಂದು ಪ್ರತಿಯೊಬ್ಬನೂ ಭಾವಿಸುತ್ತಾನೆ, ಹುಲ್ಲು ಮುಗಿಯುತ್ತದೆ.

ಕೆಳಹಂತದ ನೌಕರನ ಗಮನ ಇಂದು ಅಂಥದೊಂದು ಗೋಮಾಳ. ಕಂದಾಯ ಇಲಾಖೆ ಒಂದು ವರದಿ ಕೇಳುತ್ತದೆ, ಚುನಾವಣಾ ಶಾಖೆ ಮತ್ತೊಂದನ್ನು, ವಿಪತ್ತು ನಿರ್ವಹಣೆಯವರು ಇನ್ನೊಂದನ್ನು. ಪ್ರತಿ ಕಚೇರಿಯ ದೃಷ್ಟಿಯಲ್ಲಿ ತಾನು ಕೇಳಿದ್ದು ಐದು ನಿಮಿಷದ ಕೆಲಸ. ಸಂದೇಶ ಕಳುಹಿಸಲು ಅಧಿಕಾರಿಗೆ ತಗಲುವ ವೆಚ್ಚ ಶೂನ್ಯ. ನೂರು ಜನರ ಗುಂಪಿನಲ್ಲಿ ಅದು ನೂರು ಕೆಲಸಗಳನ್ನು ಒಮ್ಮೆಲೇ ನಿಲ್ಲಿಸುತ್ತದೆ ಎಂಬುದು ಯಾವ ಲೆಕ್ಕದ ಪುಸ್ತಕದಲ್ಲೂ ನಮೂದಾಗುವುದಿಲ್ಲ. ಸ್ವಾರಸ್ಯವೆಂದರೆ, ಹಸುಗಳಿಗಾಗಿಯಾದರೂ ನಮ್ಮಲ್ಲಿ ನಿಯಮವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಕಾಯ್ದಿರಿಸಬೇಕು. ಸಾರ್ವಜನಿಕರ ಕೆಲಸಕ್ಕಾಗಿ ನೌಕರನ ದಿನದಲ್ಲಿ ಇಂತಿಷ್ಟು ಗಂಟೆ ಕಾಯ್ದಿರಿಸಬೇಕೆಂಬ ನಿಯಮವನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಅಡಚಣೆಯಿಂದ ನಿಜಕ್ಕೂ ನಷ್ಟವಾಗುತ್ತದೆಯೇ ಎಂದು ಕೇಳಬಹುದು. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಿತಾಂಶ ಅನಿರೀಕ್ಷಿತವಾಗಿತ್ತು: ಅಡಚಣೆಗೊಳಗಾದವರು ಕೆಲಸವನ್ನು ಬೇಗನೆಯೇ ಮುಗಿಸಿದರು, ಆದರೆ ಹೆಚ್ಚಿನ ಒತ್ತಡ, ಹತಾಶೆ ಹಾಗೂ ಶ್ರಮವನ್ನು ಅನುಭವಿಸಿ. ಸೋಫಿ ಲೆರಾಯ್ 2009ರಲ್ಲಿ ತೋರಿಸಿದಂತೆ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದು, ಮುಂದಿನ ಕೆಲಸ ಕಳೆಗುಂದುತ್ತದೆ. ಇಮೇಲ್‌ಗೆ ಉತ್ತರಿಸುವಲ್ಲಿ ಅವಸರ ಸಹ್ಯವಾಗಬಹುದು. ಪೌತಿ ಖಾತೆಯಲ್ಲಿ ಒಬ್ಬ ಮಗಳ ಹೆಸರು ಬಿಟ್ಟುಹೋದರೆ, ಸರ್ವೆ ನಂಬರಿನ ಒಂದು ಅಂಕಿ ಹಿಂದುಮುಂದಾದರೆ, ಅದನ್ನು ಸರಿಪಡಿಸಲು ಒಂದು ಕುಟುಂಬ ಉಪವಿಭಾಗಾಧಿಕಾರಿಯವರ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆಯಬೇಕಾದೀತು. ಕೊಳಾಲದ ಕಡೆಯ ರೈತನಿಗೆ ಅಂಥ ಪ್ರತಿಯೊಂದು ದಿನಾಂಕವೂ ಮಧುಗಿರಿಗೆ ಹೋಗಿಬರುವ ಒಂದು ದಿನ, ಒಂದು ದಿನದ ಕೂಲಿ.

ನಾಗರಿಕನ ಸಮಯದ ರಕ್ಷಣೆಗೆ ನಮ್ಮಲ್ಲಿ 2011ರ ‘ಸಕಾಲ’ ಕಾಯ್ದೆ ಇದೆ. ಇಂಥ ಸೇವೆಯನ್ನು ಇಷ್ಟು ದಿನಗಳಲ್ಲಿ ಒದಗಿಸಬೇಕೆಂದು ಅದು ವಿಧಿಸುತ್ತದೆ. ಆದರೆ ‘ಸಕಾಲ’ದ ಗಡುವಿಗೂ ಮೇಲಧಿಕಾರಿಯ ‘ತುರ್ತು’ ಸಂದೇಶಕ್ಕೂ ಸ್ಪರ್ಧೆಯಾದಾಗ ಗೆಲ್ಲುವುದು ಸಂದೇಶವೇ. ಏಕೆಂದರೆ ಸಂದೇಶ ಕಳುಹಿಸಿದವರು ನೌಕರನ ಗೌಪ್ಯ ವರದಿ ಬರೆಯುತ್ತಾರೆ. ಬೆಂಚಿನ ಮೇಲೆ ಕುಳಿತ ರೈತ ಬರೆಯುವುದಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. 2016ರ ಬರಗಾಲದಲ್ಲಿ ಕುಡಿಯುವ ನೀರಿನ ಟ್ಯಾಂಕರ್‌ಗಳ ಮೇಲ್ವಿಚಾರಣೆಗಾಗಿ ನಾನೇ ಒಂದು ವಾಟ್ಸ್‌ಆ್ಯಪ್ ಗುಂಪನ್ನು ರಚಿಸಿದೆ. ಯಾವ ಹಳ್ಳಿಗೆ ನೀರು ತಲುಪಿಲ್ಲವೆಂಬುದು ನಿಮಿಷಗಳಲ್ಲಿ ತಿಳಿಯುತ್ತಿತ್ತು; ಆ ಬೇಸಿಗೆಯಲ್ಲಿ ಅದು ನಿಜವಾಗಿ ಉಪಕಾರ ಮಾಡಿತು. ಮಳೆ ಬಂದ ಮೇಲೆ ಗುಂಪನ್ನು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕೈಗೆ ಸಿಕ್ಕ ಸಲಕರಣೆಯನ್ನು ಬಿಡಲು ಅಧಿಕಾರಕ್ಕೆ ಮನಸ್ಸು ಬರುವುದಿಲ್ಲ. ಅದೇ ಗುಂಪಿನಲ್ಲಿ ಬೆಳಿಗ್ಗೆ ಆರಕ್ಕೆ ಶುಭಾಶಯ, ಹನ್ನೊಂದಕ್ಕೆ ಜಯಂತಿಯ ಹಾರದ ಛಾಯಾಚಿತ್ರ, ರಾತ್ರಿ ಹತ್ತಕ್ಕೆ ನಾಳೆಯ ಸಭೆಗೆ ಮಾಹಿತಿ. ‘ಭೂಮಿ’ಯ ದತ್ತಾಂಶದಲ್ಲಿ ಆಗಲೇ ಇದ್ದ ಸಂಖ್ಯೆಗಳನ್ನು, ಹುಡುಕಿ ತೆಗೆಯುವ ಸೋಮಾರಿತನದಿಂದ, ಗುಂಪಿನಲ್ಲಿ ಕೇಳಿದ್ದೂ ಉಂಟು. ನನ್ನ ಹತ್ತು ನಿಮಿಷ ಉಳಿಯಿತು. ಎಷ್ಟು ಜನರ ಎಷ್ಟು ಗಂಟೆ ಹೋಯಿತೆಂದು ಆಗ ಲೆಕ್ಕ ಹಾಕಲಿಲ್ಲ. ಇದನ್ನು ಬರೆಯುವ ಅಧಿಕಾರ ನನಗಿದ್ದರೆ, ಅದು ಆ ತಪ್ಪಿನಿಂದ ಬಂದದ್ದು.

ಹಾಗಾದರೆ ಮಾಡಬೇಕಾದುದೇನು? ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕೆಲಸದ ಅವಧಿಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕನ್ನು ಮಾನ್ಯ ಮಾಡಿವೆ. ನಮ್ಮ ಲೋಕಸಭೆಯಲ್ಲೂ 2018ರಲ್ಲಿ ಅಂಥ ಖಾಸಗಿ ಮಸೂದೆ ಮಂಡನೆಯಾಗಿತ್ತು. ಇದು ಸ್ವಾಗತಾರ್ಹ, ಆದರೆ ನಮ್ಮ ರೈತನ ಕಷ್ಟ ಇರುವುದು ಸಂಜೆ ಐದೂವರೆಯ ನಂತರವಲ್ಲ, ಬೆಳಿಗ್ಗೆ ಹತ್ತರಿಂದ ಐದೂವರೆಯೊಳಗೆ. ಸಾಮೂಹಿಕ ಸಂಪನ್ಮೂಲಗಳನ್ನು ಬಳಸುವವರೇ ಕೂಡಿ ನಿಯಮ ಮಾಡಿಕೊಂಡಲ್ಲಿ ಅವು ಉಳಿದುಬಂದಿವೆಯೆಂದು ತೋರಿಸಿಕೊಟ್ಟ ಎಲಿನೋರ್ ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಸಂದಿತು. ಗಮನದ ಗೋಮಾಳಕ್ಕೂ ಅದೇ ಮದ್ದು.

ಮೊದಲನೆಯದಾಗಿ, ಪ್ರತಿದಿನ ಎರಡು ಗಂಟೆ, ಉದಾಹರಣೆಗೆ ಹನ್ನೊಂದರಿಂದ ಒಂದರವರೆಗೆ, ಸಾರ್ವಜನಿಕರಿಗೆ ಮೀಸಲಾಗಲಿ. ಆ ವೇಳೆಯಲ್ಲಿ ಪ್ರವಾಹ, ಬೆಂಕಿ, ಪ್ರಾಣಾಪಾಯದ ಹೊರತು ಯಾವ ಸಂದೇಶಕ್ಕೂ ಉತ್ತರ ನಿರೀಕ್ಷಿಸಬಾರದು. ಎರಡನೆಯದಾಗಿ, ಹಳೆಯ ಟಪಾಲಿನಂತೆ ಸೂಚನೆಗಳು ದಿನಕ್ಕೆರಡು ಬಾರಿ ಒಟ್ಟಾಗಿ, ಒಂದೇ ಮೂಲದಿಂದ ಹೋಗಲಿ. ಆದೇಶಕ್ಕೆ ಇ-ಆಫೀಸು ಇರುವಾಗ ವಾಟ್ಸ್‌ಆ್ಯಪ್ ಆದೇಶವಾಗದಿರಲಿ. ಮೂರನೆಯದಾಗಿ, ಒಮ್ಮೆ ದಾಖಲಾದ ಮಾಹಿತಿಯನ್ನು ಹೊಸ ನಮೂನೆಯಲ್ಲಿ ಮತ್ತೆ ಕೇಳಲು ಅಧಿಕಾರಿಯು ಕಾರಣವನ್ನು ಬರಹದಲ್ಲಿ ನೀಡಲಿ. ನಾಲ್ಕನೆಯದಾಗಿ, ತಾತ್ಕಾಲಿಕ ಕಾರ್ಯಕ್ಕೆ ರಚಿಸಿದ ಪ್ರತಿ ಗುಂಪಿಗೂ ಮುಕ್ತಾಯದ ದಿನಾಂಕವಿರಲಿ. ಇವುಗಳಿಗೆ ಬಜೆಟ್ ಬೇಡ, ಹೊಸ ಹುದ್ದೆ ಬೇಡ. ಒಂದು ಸುತ್ತೋಲೆ ಮತ್ತು ಅದನ್ನು ಮೊದಲು ತಾವೇ ಪಾಲಿಸುವ ಜಿಲ್ಲಾಮಟ್ಟದ ಅಧಿಕಾರಿಗಳು ಸಾಕು. ಬೆಂಗಳೂರಿನ ಖಾಸಗಿ ಕಚೇರಿಗಳಲ್ಲಿರುವ ಓದುಗರೂ ತಮ್ಮ ಕೈಕೆಳಗಿನವರಿಗೆ ಇಂದು ಎಷ್ಟು ಸಂದೇಶ ಕಳುಹಿಸಿದೆವೆಂದು ಸಂಜೆ ಒಮ್ಮೆ ಎಣಿಸಿ ನೋಡಬಹುದು.

ಅಂದು ಹೊರಡುವ ಮುನ್ನ ಆ ಯುವಕ ಬಾಗಿಲವರೆಗೆ ಬಂದು, ‘ತಮ್ಮ ಕಾಲದಾಗೂ ಹಿಂಗೇ ಇತ್ತಾ ಸಾರ್?’ ಎಂದು ಕೇಳಿದ. ಇದನ್ನು ಶುರುಮಾಡಿದವರಲ್ಲಿ ನಾನೂ ಒಬ್ಬ ಎಂದು ಹೇಳುವಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ಮತ್ತೆ ಕೂಗಿತು. ಆತ ಒಳಗೆ ಹೋದ. ಮರುದಿನ ನಾವು ಮತ್ತೆ ಹೋದೆವು. ಪೌತಿ ಖಾತೆಯ ಅರ್ಜಿ ದಾಖಲಾದದ್ದು ಮೂರನೆಯ ದಿನ.